ಖಾಲಿ ಗಾಡಿಯ ತೂಕ

ಬೆಥೆಸ್ಡಾದ ಸ್ಲೇಟುಗಣಿಯ ಬಾಗಿಲಲ್ಲಿ
ಹದಿನಾಲ್ಕು ವರ್ಷದಿಂದ ಲಾರಿ ತೂಗುತ್ತೇನೆ.
ಖಾಲಿ ಬರುವಾಗ ಒಮ್ಮೆ, ತುಂಬಿ ಹೋಗುವಾಗ ಒಮ್ಮೆ,
ದೊಡ್ಡದರಿಂದ ಚಿಕ್ಕದನ್ನು ಕಳೆದರೆ ಒಂದು ಚೀಟಿ, ಒಂದು ಮೊಹರು.
ನನ್ನ ಕಾಟಾ ಸುಳ್ಳು ಹೇಳದೆಂದು
ವೇಲ್ಸಿನ ಅರ್ಧ ಡ್ರೈವರುಗಳು ಬಲ್ಲರು.

ಮನೆಯ ಬಚ್ಚಲಿನ ತಕ್ಕಡಿ ಮಾತ್ರ
ಹದಿನೈದು ದಿನದಿಂದ ಮೌನವ್ರತ ಹಿಡಿದಿದೆ.

ಈ ನಾಡಲ್ಲಿ ಮೈಯನ್ನು ಕಲ್ಲಿನಲ್ಲಿ ಎಣಿಸುತ್ತಾರೆ.
ಸ್ಟೋನು.
ಹದಿನೆಂಟು ಕಲ್ಲು, ಮೇಲೆ ನಾಲ್ಕು ಪೌಂಡು:
ಆಪರೇಷನ್ನಿನ ಬೆಳಗ್ಗೆ ನಾನು ಇಷ್ಟು.
ಬೆಟ್ಟವನ್ನೇ ಸೀಳಿ, ಹಾಳೆ ಹಾಳೆ ಬಿಡಿಸಿ
ಊರೂರ ಮಾಡಿಗೆ ಹೊದಿಸಿದ ಜನಕ್ಕೆ
ಒಬ್ಬ ಹೆಂಗಸಿನ ಆರು ಕಲ್ಲು ಯಾವ ಲೆಕ್ಕ, ಅಂದುಕೊಂಡಿದ್ದೆ.

ಮೊದಲ ವಾರ ಸೋಸಿದ ಸಾರು, ಗುಟುಕು ಗುಟುಕು.
ಹೊಟ್ಟೆಯ ಮೇಲೆ ಐದು ಪುಟ್ಟ ಗಾಯ,
ಯಾರೋ ನನ್ನನ್ನು ಫೈಲಿಗೆ ಹಾಕಲು
ಪಂಚ್ ಮಾಡಿಟ್ಟ ಹಾಗೆ.
ಏಳು ಪೌಂಡು ಇಳಿಯಿತು! ಇಡ್ವಲ್
ಕ್ಯಾಲೆಂಡರಿನ ಜನವರಿ ಹಾಳೆಯ ಬೆನ್ನಿಗೆ ಗುಣಾಕಾರ ಬರೆದ.
ವಾರಕ್ಕೆ ಏಳಾದರೆ ಈಸ್ಟರಿಗೆ ಎಷ್ಟು, ಜೂನಿಗೆ ಎಷ್ಟು.
ಆ ಲೆಕ್ಕದ ಪ್ರಕಾರ ಅಕ್ಟೋಬರಿಗೆ ನಾನು ಸೊನ್ನೆ.
ಇಬ್ಬರೂ ನಕ್ಕೆವು. ಹೊಲಿಗೆ ಜಗ್ಗಿತು.
ನಗುತ್ತಲೇ ನಾನದನ್ನು ನಂಬಿದೆ.

ನಾಲ್ಕನೇ ವಾರ ಹಸಿವು ವಾಪಸು ಬಂತು,
ರಜೆ ಮುಗಿಸಿದ ಗುಮಾಸ್ತ
ಯಾರನ್ನೂ ಕೇಳದೆ ತನ್ನ ಕುರ್ಚಿಗೆ ಬಂದು ಕೂತಂತೆ.
ಜಠರದ ಕೊರಳಿಗೆ ಕಟ್ಟಿದ ಪಟ್ಟಿ ಇನ್ನೂ ಸಡಿಲ;
ಗೇಟುಂಟು, ಕಾವಲುಗಾರನಿಲ್ಲ.
ಬೆಟ್ಟ ಅಗೆದದ್ದಾಯಿತು, ಇಲಿಯೂ ಸಿಗಲಿಲ್ಲ.

ಕೆಳಬೀದಿಯ ನೆಸ್ಟಾ ಕರುಳನ್ನೇ ಬೇರೆ ದಾರಿಗೆ ತಿರುಗಿಸಿಕೊಂಡವಳು,
ಮೂರು ತಿಂಗಳಿಗೆ ನಾಲ್ಕು ಕಲ್ಲು ಕೆಳಗಿಟ್ಟಳು.
ಈಗ ನಮಸ್ಕಾರದ ಬದಲು, ‘ನಿನ್ನದೆಷ್ಟು?’

ಬ್ಯಾಂಗರಿನ ಆಸ್ಪತ್ರೆಯಲ್ಲಿ ನರ್ಸ್ ಎಫುವಾ
ಗದರಲಿಲ್ಲ, ಬೆನ್ನೂ ತಟ್ಟಲಿಲ್ಲ.
‘ಮೊದಲು ಇಳಿದದ್ದರಲ್ಲಿ ನೀರೇ ಹೆಚ್ಚು, ಮೆಯ್ನಿರ್.
ನೀರು ನೆಂಟ. ನೆಂಟ ಹೊರಟರೆ ಮನೆ ಖಾಲಿಯಾಯಿತೆ?
ಈಗ ನಿನ್ನ ಕೆಲಸ ಗಾಯ ಮಾಯಿಸುವುದು, ಅಷ್ಟೇ.
ಮುಂದಿನ ಬುಧವಾರ ಪಟ್ಟಿ ಬಿಗಿಮಾಡುತ್ತೇವೆ.
ಆಮೇಲೆ ವಾರಕ್ಕೊಂದು ಪೌಂಡು. ಎರಡಾದರೆ ಹಬ್ಬ.
ಇಳಿಯದ ವಾರವೂ ಬರುತ್ತೆ. ಬರಲಿ.’
ಒಂದು ಪೌಂಡು! ನಮ್ಮ ಕಾಟಾದಲ್ಲಿ
ಅದಕ್ಕೆ ಅಂಕಿಯೇ ಇಲ್ಲ.
ಇಪ್ಪತ್ತು ಕಿಲೋಗಿಂತ ಕೆಳಗಿನದನ್ನು ಅದು ಗಾಳಿ ಅನ್ನುತ್ತೆ.

ನಿನ್ನೆ ಒಬ್ಬ ಹೊಸ ಹುಡುಗ
ಖಾಲಿ ಲಾರಿ ತಂದು ನಿಲ್ಲಿಸಿ, ಚೀಟಿ ನೋಡಿ ಸಿಡುಕಿದ:
‘ಹೋದ ವಾರಕ್ಕಿಂತ ಇನ್ನೂರು ಕಿಲೋ ಜಾಸ್ತಿ.
ನಿನ್ನ ಯಂತ್ರ ಕೆಟ್ಟಿದೆ.’
ಕಿಟಕಿಯಿಂದಲೇ ಹೇಳಿದೆ:
‘ಟ್ಯಾಂಕು ತುಂಬಿಸಿಕೊಂಡು ಬಂದಿದ್ದೀಯ.
ಚಕ್ರದ ಮೇಲೆ ಕೆಸರು, ಹಿಂದೆ ರಾತ್ರಿಯ ಮಳೆ,
ಇಳಿಯದೆ ನೀನೂ ಕೂತಿದ್ದೀಯ ಒಳಗೆ.
ಗಾಡಿ ಅದೇ ಗಾಡಿ, ಮಾರಾಯ.’

ಹೇಳಿದವಳು ಮೊಹರು ಹಿಡಿದುಕೊಂಡೇ ನಿಂತೆ.
ಹಿಂದಿನ ಲಾರಿ ಹಾರನ್ ಹೊಡೆಯಿತು.

ಬುದ್ಧಿ ಬಂತೆಂದೇನೂ ಅಲ್ಲ.
ಇವತ್ತು ಬೆಳಗ್ಗೆ ಮತ್ತೆ ಹತ್ತಿದೆ,
ಉಂಗುರ ತೆಗೆದು, ಉಸಿರು ಬಿಟ್ಟು.
ಅದೇ ಅಂಕಿ. ಅವ್ವನಿಂದ ಕಲಿತ ವೆಲ್ಷಿನಲ್ಲಿ ಬೈದೆ.

ಮಸೆದ ಮೊಟ್ಟೆ, ಮಗುವಿನ ಚಮಚ, ಇಪ್ಪತ್ತು ಮಿನಿಟು.
ಎದುರಿಗೆ ಇಡ್ವಲ್ ತನ್ನ ಟೋಸ್ಟನ್ನು
ನನ್ನ ವೇಗಕ್ಕೆ ಇಳಿಸಿಕೊಂಡು ಅಗಿಯುತ್ತಾನೆ,
ಬೆಣ್ಣೆ ಹೆಪ್ಪುಗಟ್ಟಿದರೂ.
ಹರಿದಿಟ್ಟ ಜನವರಿ ಮೇಜಿನ ಮೇಲಿದೆ.
ಗುಣಾಕಾರವನ್ನು ಹೊಡೆದುಹಾಕಿಲ್ಲ ಅವನು,
ಅದರ ಕೆಳಗೇ ಸಂತೆಯ ಪಟ್ಟಿ ಬರೆದಿದ್ದಾನೆ:
ಮೊಟ್ಟೆ ಅರ್ಧ ಡಜನ್, ಮೊಸರು,
ಮೆಟ್ಟಿಲಿಗೊಂದು ಬಲ್ಬು.