ಕೋಡಿಲ್ಲದ ಕುರಿ

ಕಪ್ಪತಗುಡ್ಡದ ಬುಡಕ್ಕೆ, ಡೋಣಿಯ ಆಚೆ ಹೊಲದಲ್ಲಿ
ಅಕ್ಕ ಲಗಮವ್ವನ ಕುರಿ ತರುಬಿವೆ ಈ ವಾರ.
ಗೊಬ್ಬರಕ್ಕೆಂದು ಹೊಲದವರು ಕೊಟ್ಟದ್ದು ಅರ್ಧ ಚೀಲ ಜೋಳ.
ಗುಡ್ಡದ ಮೇಲೆ ಗಾಳಿಗಂಬಗಳ ಕೆಂಪು ದೀಪ
ಹತ್ತುತ್ತವೆ, ಆರುತ್ತವೆ, ಮತ್ತೆ ಹತ್ತುತ್ತವೆ.
ಪಿಂಚಣಿ ಪುಸ್ತಕ ಹಿಡಿದು ಬಂದ ತಮ್ಮ ನಾನು
ಅವಳ ಕಂಬಳಿಯ ಅರ್ಧದ ಮೇಲೆ ಕೂತಿದ್ದೇನೆ.

ನುಚ್ಚು ಉಂಡಾದ ಮೇಲೆ ಕೇಳಿದಳು:
"ನಿಮ್ಮ ಇಮಾನಕ್ಕ ಬಂದೂಕು ಎಷ್ಟಿದ್ದುವೊ?"
ಒಂದೂ ಇರಲಿಲ್ಲ ಅಂದೆ.
"ಮತ್ತ ದಂಡಿನಾಗ ಏನ್ ಮಾಡ್ತಿದ್ದಿ?"
ಹಾಲು ಕುಡಿಸುತ್ತಿದ್ದೆ ಅಂದೆ.

ನಕ್ಕಳು. ನಾನು ನಗಲಿಲ್ಲ.
ನಮ್ಮದು ಎಣ್ಣೆ ಹೊತ್ತ ವಿಮಾನ. ದೊಡ್ಡ ಹೊಟ್ಟೆ, ಬಸುರಿಯ ನಡೆ.
ಬಾಲದ ತುದಿಯ ಗಾಜಿನ ಗೂಡಿನಲ್ಲಿ,
ಬಂದೂಕಿನವನು ಕೂರಲೆಂದು ಮಾಡಿದ ಜಾಗದಲ್ಲಿ
ಬಂದೂಕಿಲ್ಲದೆ ಕೂತು, ಹಿಂದಕ್ಕೆ ನೋಡುತ್ತ
ಕೊಳವೆ ಇಳಿಬಿಡುತ್ತಿದ್ದೆ. ತುದಿಗೊಂದು ಬುಟ್ಟಿ.
ಕಾದಾಡುವ ಮರಿಗಳು ಬಂದು ಮೂತಿಯಿಟ್ಟು
ಗಟಗಟ ಕುಡಿದು ಹೋಗುತ್ತಿದ್ದವು.
ನಮ್ಮೊಂದನ್ನು ಕೆಡವಿದರೆ ಸಾಕು ವೈರಿಗೆ,
ಮರಿಗಳು ಬಾಯಾರಿ ತಾವೇ ಉದುರುತ್ತವೆ.

"ತೋಳಕ್ಕೂ ಅದು ಗೊತ್ತೈತಿ,"
ಬೆಂಕಿಗೆ ಜಾಲಿಯ ಟೊಂಗೆ ನೂಕಿದಳು.
"ಟಗರಿನ ತಂಟೇಕ ಬರೂದಿಲ್ಲ ಅದು.
ಕೋಡಿಲ್ಲದ್ದು, ಕೆಚ್ಚಲು ತುಂಬಿದ್ದು, ಓಡಲಾರದ್ದು
ಯಾವುದು ಅಂತ ದಿಬ್ಬದ ಮ್ಯಾಲೆ ಕುಂತು ನೋಡ್ತೈತಿ.
ಎಷ್ಟು ದೂರ ಇಡ್ತಿದ್ರಿ ನಿಮ್ಮ ಕುರೀನ?"

ಇಲ್ಲಿಂದ ಬೆಳಗಾವಿಯಷ್ಟು ದೂರ.
ಅವರ ಬಾಣ ಉದ್ದವಾದಂತೆ ನಾವು ಹಿಂದೆ ಸರಿದೆವು,
ನಾವು ಸರಿದಷ್ಟೂ ಮರಿಗಳಿಗೆ ದಾರಿ ಹೆಚ್ಚಾಯಿತು.
ದೀಪ ಆರಿಸು, ಮಾತು ನಿಲ್ಲಿಸು, ಬಾಲ ತೋರಿಸಿ ಓಡು.
ಓಡಲಾಗದಿದ್ದರೆ ಕೆಂಡ ಚೆಲ್ಲು,
ಬಾಣ ಕೆಂಡಕ್ಕೆ ಬಾಯಿ ಹಾಕಲಿ.
ಇಷ್ಟೇ ಅಕ್ಕ, ನಮ್ಮ ಶೌರ್ಯ.

"ನಾಯಿ?"

ಇದ್ದವು. ಎಡಕ್ಕೊಂದು, ಬಲಕ್ಕೊಂದು.
ಅವರ ಮುಖ ನಾನು ನೋಡಿದವನಲ್ಲ.
ದನಿ ಗೊತ್ತು, ಆಗಷ್ಟೇ ಮೀಸೆ ಮೂಡಿದ ದನಿ.
ಮರಳುಗಾಡಿನ ಮೇಲೆ ಒಂದು ರಾತ್ರಿ
ಪರದೆಯ ಮೇಲೆ ಎರಡು ಚುಕ್ಕೆ ಬಂದವು,
ತಿರುಗಿದವು, ಮತ್ತೆ ಬಂದವು, ತಿರುಗಿದವು

ಅಕ್ಕ ಕೈಯೆತ್ತಿ ತಡೆದಳು.
"ಅವು ತಿನ್ನಾಕ ಬಂದುವಲ್ಲ.
ನಾಯಿ ಕರಕೊಂಡು ಹೋಗಾಕ ಬಂದುವು.
ಮೂರನೇದು ಹಳ್ಳದಾಗ ಮಕ್ಕೊಂಡಿರ್ತೈತಿ."

ಕರಿಹಲಗೆಯ ಮೇಲೆ ಬಣ್ಣಬಣ್ಣದ ಸೀಮೆಸುಣ್ಣದಲ್ಲಿ
ವರ್ಷಗಟ್ಟಲೆ ಗೀಚಿದ್ದರು ನಮಗಿದನ್ನು.
ಇವಳಿಗೆ ಒಂದು ಟೊಂಗೆ ಉರಿಯುವಷ್ಟು ಹೊತ್ತೂ ಬೇಕಾಗಲಿಲ್ಲ.

ಎಡಗಡೆಯವನು ಬೆನ್ನಟ್ಟಿ ಹೋದ.
ಬಲಗಡೆಯವನಿಗೂ ಹೋಗೆಂದರು ನೆಲದಿಂದ, ಎರಡು ಸಲ.
"ನಾನು ಇಲ್ಲೇ ಇರ್ತೀನಿ" ಅಂದ.
ಮೂರನೆಯದು ತಗ್ಗಿನಿಂದ ಎದ್ದಾಗ
ನಮಗೂ ಅದಕ್ಕೂ ನಡುವೆ ಅವನಿದ್ದ.
ನಾವು ಕೆಂಡ ಚೆಲ್ಲಿ ಓಡಿದೆವು.

"ಬಂದನೇನು?"

ಬಂದ. ಆರು ನಿಮಿಷದ ಎಣ್ಣೆ ಉಳಿದಿತ್ತು ಅವನಲ್ಲಿ.
ಕುಡಿಯುವಾಗ ಮಾತಾಡಲಿಲ್ಲ.
ಎಡದ ಕೊಳವೆಯನ್ನು ಸುತ್ತಿಬಿಡೆಂದು ಆಜ್ಞೆ ಬಂತು.
ಬೆರಳು ಗುಂಡಿಯ ಮೇಲಿತ್ತು, ಒತ್ತಲಿಲ್ಲ.
ನಲವತ್ತು ನಿಮಿಷ ಬರಿಗಾಳಿಯಲ್ಲಿ
ಆ ಬುಟ್ಟಿ ಬಾಯಿ ತೆರೆದು ತೂಗಿತು.
ಅದಕ್ಕಾಗಿ ಬೈಸಿಕೊಂಡೆ. ಬರೆದುಕೊಟ್ಟೆ, ಯಂತ್ರ ಕೆಟ್ಟಿತ್ತು ಅಂತ.

ಅಕ್ಕ ಏನೂ ಅನ್ನಲಿಲ್ಲ.
ದಿಬ್ಬದ ಕಡೆ ಮುಖ ಮಾಡಿ ನಾಯಿ ಗುರ್ರೆಂದಿತು,
ಕತ್ತಲಲ್ಲಿ ಎರಡು ಕಣ್ಣು, ಅಥವಾ ಗಾಳಿಗಂಬದ ಹೊಳಪು.
"ಕುಂದ್ರು," ನಾಯಿಗಂದಳೋ ನನಗೋ.
ಉರಿವ ಟೊಂಗೆ ಎಳೆದುಕೊಂಡು ಎದ್ದಳು,
ದಿಬ್ಬಕ್ಕೆ ಬೆನ್ನು ಹಾಕಿ
ಹಳ್ಳದ ಕಡೆ ನಡೆದಳು.