ಯಾರಪ್ಪನ ಗಂಟೂ ಅಲ್ಲ

ಕೊರ್ಮೆ ಬಂದರಿನ ಬಲೆಮನೆಯಲ್ಲಿ ನಾವು ಒಂಬತ್ತು ಹೆಂಗಸರು.
ಕಾಲ ಹೆಬ್ಬೆರಳಿಗೆ ಬಲೆಯ ಅಂಚು ಸಿಕ್ಕಿಸಿ
ಹರಿದದ್ದನ್ನು ಹರಿಯದ ಕಡೆಯಿಂದ ಹೆಣೆಯುತ್ತ ಬರುತ್ತೇವೆ.
ಅಟ್ಲಾಂಟಿಕ್ ಕಡಿದದ್ದು ಯಾವುದು, ಬಂಡೆ ಕಡಿದದ್ದು ಯಾವುದು,
ದಾರದ ತುದಿ ನೋಡಿದರೆ ಗೊತ್ತು.

ಕಳೆದ ಮಾರ್ಚಿನಲ್ಲಿ ಫೋನು ಹೇಳಿತು:
ನಿಮ್ಮ ಸಾಧನ ಹಳತಾಯಿತು, ಈ ಆ್ಯಪ್ ಇನ್ನು ಇಲ್ಲಿ ನಡೆಯದು.
ಬಹಳ ನಯವಾಗಿ ಹೇಳಿತು,
ಬಾಡಿಗೆ ಮನೆ ಬಿಡಿಸಲು ಬಂದ ವಕೀಲನ ಹಾಗೆ.
ಒಳಗೆ ಆರು ವರ್ಷದ ಮಾತು:
ಯಾವ ದೋಣಿ ಎಂದು ಬಂತು, ಯಾರದು ಎಷ್ಟು ಮೀಟರು ಬಾಕಿ.
ಜೊತೆಗೆ ರೆಮೆಡಿಯೋಸಳ ಧ್ವನಿ, ನಲವತ್ತೊಂದು ತುಣುಕು.
ಸಾರ್ಡಿನ್ ಬಲೆಯ ಮೂಲೆ ಹೇಗೆ ತಿರುಗಿಸಬೇಕು,
ಎಷ್ಟು ಕಣ್ಣು ಬಿಟ್ಟು ಎಷ್ಟು ಕಣ್ಣು ಹಿಡಿಯಬೇಕು,
ನಡುವೆ ಕೆಮ್ಮು, ನಡುವೆ ಅಳಿಯನಿಗೆ ಬೈಗುಳ.

ರೆಮೆಡಿಯೋಸ್ ಈಗ ಇಲ್ಲ.
ಧ್ವನಿ ಇದೆಯಂತೆ, ಎಲ್ಲೋ, ಬೀಗದೊಳಗೆ.
ಕಂಪನಿಗೆ ಬರೆದೆವು. ಯಂತ್ರ ಉತ್ತರಿಸಿತು:
ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ.

ಆಮೇಲೆ ಉಶಿಯಾ ಬಂದಳು, ಅವಳ ಮೊಮ್ಮಗಳು,
ಲುಗೋದಲ್ಲಿ ಶಾಲೆಗಳ ಕಂಪ್ಯೂಟರು ರಿಪೇರಿ ಮಾಡುವವಳು.
ಕೈಚೀಲದಲ್ಲಿ ಒಂದು ಪೆನ್‌ಡ್ರೈವು, ಅರ್ಧ ಬ್ರೆಡ್ಡು.
ಬ್ಯಾಂಕಿನವರು ಬೇಡವೆಂದು ಕೊಟ್ಟ ಕಂಪ್ಯೂಟರು
ಕಾಫಿ ಪಾತ್ರೆಯ ಪಕ್ಕ ಧೂಳು ತಿನ್ನುತ್ತಿತ್ತು.
ಅದಕ್ಕೆ ಲಿನಕ್ಸ್ ಹಾಕಿದಳು. ಎದ್ದಿತು,
ಮಂಡಿನೋವಿನವಳು ಏಳುವ ಹಾಗೆ,
ಗೊಣಗುತ್ತ, ಆದರೆ ಎದ್ದಿತು.

ಯಾವ ಆ್ಯಪ್ ಅಂತ ಕೇಳಬೇಡಿ, ಅಂದಳು,
ಯಾವ ಗಂಟು ಅಂತ ಕೇಳಿ.
ದೊರಿಂದಾ ಕೇಳಿದಳು: ಅದು ಯಾರಪ್ಪನ ಗಂಟು?
ಯಾರಪ್ಪನ ಗಂಟೂ ಅಲ್ಲ, ಅಂದಳು ಹುಡುಗಿ.
ಹೇಗೆ ಹಾಕುವುದೆಂದು ಬರೆದಿಟ್ಟಿದ್ದಾರೆ, ಕದವಿಲ್ಲದ ಕಡೆ.
ನಿನ್ನ ಸೂಜಿ ಪ್ಲಾಸ್ಟಿಕ್ಕಿನದು, ಅವಳದು ಮರದ್ದು,
ಗಂಟು ಒಂದೇ ಆದರೆ ಬಲೆ ಒಂದೇ.

ಅಷ್ಟು ಅರ್ಥವಾಯಿತು. ಮಿಕ್ಕದ್ದು ನಿಧಾನ.
ಪ್ರೊಟೊಕಾಲ್ ಅಂದರೆ
ಮಂತ್ರಿ ಬಂದಾಗ ಯಾರು ಎಲ್ಲಿ ನಿಲ್ಲಬೇಕು ಎಂಬುದು
ಎಂದುಕೊಂಡಿದ್ದೆ. ಹೆಚ್ಚುಕಡಿಮೆ ಅದೇ ಅಂತೆ:
ಮಾತು ಎಲ್ಲಿ ನಿಲ್ಲಬೇಕು, ಎಲ್ಲಿ ಬಾಗಬೇಕು, ಯಾವಾಗ ಒಳಗೆ ಬರಬೇಕು.
ಮಂತ್ರಿ ಮಾತ್ರ ಇಲ್ಲ.

ಎಲ್ಲರೂ ಬರಲಿಲ್ಲ.
ಪಿಲುಕಾಳ ಮಗಳು ಬಾಸೆಲ್ಲಿನಲ್ಲಿ, ಹಳೆಯ ಆ್ಯಪ್ಪಿನಲ್ಲೇ.
ಮಗಳಿಲ್ಲದ ಸ್ವಾತಂತ್ರ್ಯ ಕಟ್ಟಿಕೊಂಡು ನಾನೇನು ಮಾಡಲಿ, ಅಂದಳು.
ಹೊಸ ಫೋನು ಕೊಂಡಳು, ಸಾಲದ ಮೇಲೆ.
ಉತ್ತರ ಇತ್ತೋ ಏನೋ, ಯಾರೂ ಕೊಡಲಿಲ್ಲ.

ಬಿರುಗಾಳಿಗೆ ಕರೆಂಟು ಹೋದರೆ ನಮ್ಮ ಸರ್ವರೂ ಹೋಗುತ್ತದೆ.
ಆಗ ಕಿಟಕಿ ತೆರೆದು ಕೂಗುತ್ತೇವೆ.
ಅದೂ ಯಾರ ಅಪ್ಪಣೆ ಕೇಳದ ವಿಧಾನವೇ.

ಮುಳುಗುವವನು ಹದಿನಾರನೇ ಚಾನೆಲ್ಲಿನಲ್ಲಿ ಕರೆದರೆ
ನಿನ್ನ ರೇಡಿಯೋ ಯಾವ ಕಂಪನಿಯದು ಎಂದು
ಸಮುದ್ರದಲ್ಲಿ ಯಾರೂ ಕೇಳುವುದಿಲ್ಲ.
ದಡದ ಮೇಲೆ ನಿಂತ ನಾವು
ಇಷ್ಟು ವರ್ಷ ಯಾಕೆ ಕೇಳಿದೆವೋ.

ಆ ನಲವತ್ತೊಂದು ತುಣುಕು ಇನ್ನೂ ಬ್ರಹ್ಮಗಂಟು.
ದೊರಿಂದಾ ನೆನಪಿನಿಂದ ಹೇಳುತ್ತಾಳೆ, ಕೆಮ್ಮಿನ ಸಮೇತ;
ಹುಡುಗಿ ಬರೆದುಕೊಳ್ಳುತ್ತಾಳೆ ಬರಿಯ ಅಕ್ಷರದ ಕಡತದಲ್ಲಿ,
ಯಾವ ಯಂತ್ರವಾದರೂ ಓದುವ ಹಾಗೆ.
ಅಳಿಯನ ಬೈಗುಳ ಬರೆಯಲೋ ಬೇಡವೋ ಎಂದು
ಒಂದು ಮಧ್ಯಾಹ್ನ ಪೂರ್ತಿ ಜಗಳವಾಯಿತು.
ಬರೆದೆವು.

ನಿನ್ನೆ ಒಂದು ಬಲೆ ಬಂತು, ಬ್ರಿಟನಿಯ ದೋಣಿಯದು.
ನಡುವೆ ಯಾರೋ ಹಾಕಿದ ತೇಪೆ.
ಹೆಸರು ಗೊತ್ತಿಲ್ಲ. ಎಡಗೈಯವಳಿರಬೇಕು,
ಗಂಟೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ.
ಸೂಜಿಯ ಮೊನೆ ತೂರಿಸಿದೆ, ಸಡಿಲಾಯಿತು.
ಅವಳು ಬಿಟ್ಟಲ್ಲಿಂದ ಹಿಡಿದೆ.