ಹದ್ದು ಬೆದರಿಸುತ್ತಿದ್ದ ತಟ್ಟೆ

ಕೀಲುಂಗ್ ಬಂದರಿನ ಮೀನು ಹರಾಜು ಕಟ್ಟೆಯಲ್ಲಿ
ರಾತ್ರಿ ಮೂರೂಕಾಲಿಗೆ ಸರಿಯಾಗಿ
ಲೆಕ್ಕದ ಕಂಪ್ಯೂಟರಿಗೆ ಮೂರ್ಛೆ.
ತಪ್ಪದೆ. ಹನ್ನೊಂದು ದಿನದಿಂದ.
ನೀಲಿ ಪರದೆ, ಬಿಳಿ ಅಕ್ಷರ, ಒಂದು ಅಳುಮುಖ,
ಆಮೇಲೆ ತಾನೇ ಎದ್ದು ಕೂತು
ಏನೂ ಆಗಿಲ್ಲವೆಂಬ ಹಾಗೆ ಹೆಸರು ಕೇಳುತ್ತದೆ.
ಅಷ್ಟರೊಳಗೆ ನಾಲ್ಕು ಬುಟ್ಟಿ ಬಂಗುಡೆ
ಯಾರ ಪಾಲಿಗೂ ಬರೆಯದೆ ಹೋಗಿರುತ್ತದೆ.

ಗುಮಾಸ್ತ ಷೀ ಚಿಂಗ್‌ಷುಯಿ ಮೊದಲು ಬೈದದ್ದು ಉಪ್ಪುಗಾಳಿಯನ್ನು.
ಆಮೇಲೆ ಇಲಿಯನ್ನು.
ಯಾರ ಮೇಲಿನ ಕೋಪವೋ, ಕೊನೆಗೆ ಕೊತ್ತಿಯನ್ನು.
ಯಂತ್ರದ ನೆತ್ತಿಯ ಮೇಲೆ ಹಸಿರು ಪೊಟ್ಟಣದ ಜೋಳದ ತಿಂಡಿ,
‘ಜಾಣಮರಿ’ ಅಂತ ಅದರ ಹೆಸರು;
ತಂಟೆ ಮಾಡದಿರಲೆಂದು ಈ ದ್ವೀಪದವರು
ಯಂತ್ರಗಳಿಗೆ ಇಡುವ ನೈವೇದ್ಯ.
“ತಾರೀಖು ಮುಗಿದಿದೆ ನೋಡು” ಅಂದೆ.
ಓಡಿಹೋಗಿ ಹೊಸದು ತಂದ.
ಮೂರೂಕಾಲಿಗೆ ಮತ್ತೆ ಮೂರ್ಛೆ.

ನಾನು ಯುಏಶ್ಯಾ, ರಿಪೇರಿಯವಳು.
ಬೆನ್ನಿಗೊಂದು ಚೀಲ, ಬಾಯಲ್ಲೊಂದು ಟಾರ್ಚು.
ಮೆಮೊರಿ ಕಿತ್ತು, ಒರೆಸಿ, ಮತ್ತೆ ಕೂರಿಸಿದೆ;
ಪವರ್ ಸಪ್ಲೈ ಬದಲಿಸಿದೆ;
ಫ್ಯಾನಿನ ಗಂಟಲಿನಿಂದ ಮೀನಿನ ಹುರುಪೆ ತೆಗೆದೆ,
ಕನ್ನಡಿಯ ಚೂರಿನಂಥವು.
ಅದೂ ಅಲ್ಲ. ಇದೂ ಅಲ್ಲ.

ಹನ್ನೆರಡನೆಯ ರಾತ್ರಿ
ಅದು ಸಾಯುವಾಗ ಬರೆದಿಟ್ಟ ಚೀಟಿಗಳನ್ನು ಬಿಡಿಸಿದೆ:
ಹನ್ನೊಂದು ಮರಣ, ಹನ್ನೊಂದು ಹೇಳಿಕೆ,
ಎಲ್ಲದರಲ್ಲೂ ಒಂದೇ ಹೆಸರು,
ಚಿಪ್‌ಸೆಟ್ ಡ್ರೈವರ್.

“ಯಾರವನು?” ಅಂದ ಚಿಂಗ್‌ಷುಯಿ, ತೋಳು ಮಡಚುತ್ತಾ.

ಕಿಟಕಿಯಾಚೆ ಕೈತೋರಿದೆ.
ಅಲ್ಲಿ ನೀರು ಚೆಲ್ಲಿದ ಕಲ್ಲಿನ ಮೇಲೆ, ಬಲ್ಬಿನಡಿ
ಹರಾಜಿನವನು ಕೂಗುತ್ತಿದ್ದ.
ಅವನ ಬಾಯಲ್ಲಿ ಅಂಕಿಗಳು ಅಂಕಿಗಳ ಹಾಗಿಲ್ಲ,
ತಲೆಮಾರುಗಳು ಉಜ್ಜಿ ನುಣ್ಣಗಾದ ಗುಟ್ಟಿನ ನುಡಿ;
ದೋಣಿಯವರಿಗೆ ತಿಳಿಯುತ್ತದೆ, ಕೊಳ್ಳುವವರಿಗೆ ತಿಳಿಯುತ್ತದೆ,
ನನಗೆ ತಿಳಿಯದು.
“ಈ ತಾಯಿಹಲಗೆಯ ಮೇಲೂ ಅಂಥ ಒಬ್ಬ ದಲ್ಲಾಳಿ ಇದ್ದಾನೆ.
ತಕ್ಕಡಿ ಹೇಳಿದ್ದನ್ನು ಪರದೆಗೆ ಮುಟ್ಟಿಸುವವನು.
ಅವನ ನುಡಿ ಬಲ್ಲವನೇ ಡ್ರೈವರ್.
ಹನ್ನೆರಡು ದಿನದ ಹಿಂದೆ, ಯಾರನ್ನೂ ಕೇಳದೆ,
ಯಂತ್ರ ಅವನನ್ನು ಬದಲಿಸಿಕೊಂಡಿದೆ.
ಹೊಸಬ ಓದಿದವನು. ಹೊಸ ಹಲಗೆಗಳ ಮಾತು ಬಲ್ಲವನು.
ಮೂರಕ್ಕೆ ನಿಮಗೆಲ್ಲ ಚಹಾದ ಬಿಡುವು,
ತಕ್ಕಡಿ ತೂಕಡಿಸುತ್ತದೆ.
ಮೂರೂಕಾಲಿಗೆ ಎಬ್ಬಿಸಲು ಹೋಗಿ ಹೊಸಬ ಏನೋ ಅನ್ನುತ್ತಾನೆ,
ಮುದುಕ ದಲ್ಲಾಳಿಗೆ ಅರ್ಥವಾಗುವುದಿಲ್ಲ,
ಇಡೀ ಕಟ್ಟೆ ಸ್ತಬ್ಧ.”

ಚಿಂಗ್‌ಷುಯಿ ಬಹಳ ಹೊತ್ತು ಏನೂ ಅನ್ನಲಿಲ್ಲ.
“ಹಳಬನನ್ನು ಕರೆಸು” ಅಂದ.

ಎಲ್ಲಿಂದ? ಹಲಗೆ ಮಾಡಿದ ಕಂಪನಿ ಮುಚ್ಚಿ ಎಷ್ಟೋ ವರ್ಷ.
ಹಿಂದಕ್ಕೆ ಮರಳುವ ಗುಂಡಿ ಬೂದಿಬಣ್ಣವಾಗಿ
ಒತ್ತಿದರೂ ಒಳಗೆ ಹೋಗದು.
“ಪೆಟ್ಟಿಗೆಯೊಡನೆ ಒಂದು ಸೀಡಿ ಬಂದಿರಬೇಕಲ್ಲ?”
ಅವನ ಮುಖ ಬಾಡಿತು. ಬೆರಳು ಮೇಲೆ ಹೋಯಿತು.
ಬೊಂಡಾಸು ಒಣಹಾಕಿದ ಹಗ್ಗದ ಮೇಲೆ, ದಾರದ ತುದಿಯಲ್ಲಿ,
ಬಂದರಿನ ಹದ್ದುಗಳನ್ನು ಬೆದರಿಸುತ್ತಾ
ಆರು ವರ್ಷದಿಂದ ತಿರುಗುತ್ತಿತ್ತು ಅದು,
ಬೆಳಕನ್ನು ಚೂರು ಮಾಡಿ ಎಸೆಯುತ್ತಾ.

ಸ್ಟೂಲು ಹತ್ತಿ ಇಳಿಸಿದೆವು. ಸೋಪು ಹಾಕಿ ತೊಳೆದೆ.
ಅಂಗಿಯ ಒಳಮಗ್ಗುಲಿನಿಂದ
ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ ಒರೆಸಿದೆ.
ಡ್ರೈವು ಗೊಣಗಿತು, ತಿರುಗಿತು, ಕೆಮ್ಮಿತು, ನಿಂತಿತು,
ತಿರುಗಿತು.
ಧ್ವನಿಯ ಕಡತ ಸತ್ತಿತ್ತು. ಚಿತ್ರದ್ದೂ ಸತ್ತಿತ್ತು.
ಚಿಪ್‌ಸೆಟ್ ಎಂಬುದು ಮಾತ್ರ
ಉಪ್ಪಿನ ಕಣ್ಣು ತಪ್ಪಿಸಿ ಉಳಿದಿತ್ತು.
ಹೊಸಬನನ್ನು ಕಿತ್ತೆ, ಹಳಬನನ್ನು ಕೂರಿಸಿದೆ,
ತಾನೇ ಬದಲಾಗುವ ಚಟಕ್ಕೆ ಬೀಗ ಹಾಕಿದೆ.

ಮೂರು ಗಂಟೆ ಹದಿನಾಲ್ಕು ನಿಮಿಷ.
ಚಿಂಗ್‌ಷುಯಿ ಪೆನ್ಸಿಲು, ಕಾಗದ ಹಿಡಿದು ತಯಾರು;
ನಂಬಿಕೆ ಬೇರೆ, ಲೆಕ್ಕ ಬೇರೆ.
ಮೂರೂಕಾಲು.
ತಕ್ಕಡಿ ಕಣ್ಣು ಬಿಟ್ಟಿತು.
ಬಂಗುಡೆ ಹದಿನೆಂಟು ಕಿಲೋ, ಅಂದಿತು ಪರದೆ.
ಯಾರೂ ತಲೆಯೆತ್ತಿ ನೋಡಲಿಲ್ಲ. ಹರಾಜು ನಡೆದೇ ಇತ್ತು.

ಮಜೂರಿ ಎಷ್ಟೆಂದು ಕೇಳದೆ ಬೊಂಡಾಸು ಕಟ್ಟಿಕೊಟ್ಟ.
ಆಮೇಲೆ ಬರಿದಾದ ದಾರ ನೋಡಿದ.
ಐದಾಗಿತ್ತು. ಬಂದರಿನ ಮೇಲೆ
ಮೊದಲ ಹದ್ದು ಸುತ್ತು ಹಾಕುತ್ತಿತ್ತು.
ನನ್ನ ಚೀಲದ ತಳ ತಡಕಿ
ಯಾವುದೋ ಪ್ರಿಂಟರಿನ ಸೀಡಿ ತೆಗೆದು ದಾರಕ್ಕೆ ಪೋಣಿಸಿದೆ.
ಆ ಪ್ರಿಂಟರು ಎಲ್ಲಿದೆಯೋ.